ಏತದ ಬಾಲಕ್ಕೆ ಕಟ್ಟಿದ ಕಲ್ಲು

ಕೈಪಂಪಿನ ಹಿಡಿಕೆಯನ್ನು ಎರಡು ಸಲ ಒತ್ತಿದರೆ ಒಳಗೆ ಏನು ಕೆಟ್ಟಿದೆ ಎಂದು ನನಗೆ ತಿಳಿಯುತ್ತಿತ್ತು. ಹಿಡಿಕೆ ತೀರ ಹಗುರಾಗಿ ಕೆಳಗೆ ಬಂದರೆ ಸರಳು ಕಳಚಿದೆ. ಒತ್ತಿ ಒತ್ತಿ ಸಾಕಾದ ಮೇಲೆ ನೀರು ಬಂದರೆ ವಾಷರ್ ಸವೆದಿದೆ. ಕಿರುಗುಟ್ಟಿದರೆ ಬೇರಿಂಗ್ ಹೋಗಿದೆ. ಹತ್ತನೆಯ ಇಯತ್ತೆ ಪಾಸಾಗಿ ಈ ಕೆಲಸಕ್ಕೆ ಸೇರಿದ ನನಗೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹಳ್ಳಿಗಳೇ ಮುಂದಿನ ಶಾಲೆಯಾದವು. ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಈಗ ನೀರಿನ ಕೆಲಸಕ್ಕೆ ಸೇರುವ ಹುಡುಗರಿಗೆ ಅದರಿಂದ ಏನೂ ಪ್ರಯೋಜನವಿಲ್ಲ. ನಾನು ಮಾಡಿದ ಒಂದು ತಪ್ಪಿಗೆ ಇನ್ನೊಬ್ಬನ ಹೆಸರು ಹೇಳಿದೆ. ಅದನ್ನು ಬರೆಯಬೇಕೆಂದೇ ಕೂತಿದ್ದೇನೆ.

ತಪ್ಪು ಮಾಡುವುದು ಈ ಕೆಲಸದಲ್ಲಿ ಹೊಸದಲ್ಲ. ಡೋಣಿ ಹೊಳೆಯ ದಂಡೆಯ ಊರುಗಳಲ್ಲಿ ನೀರು ಸವಳು, ಬಾಯಿಗಿಟ್ಟರೆ ಉಪ್ಪು. ಸೇರಿದ ಹೊಸದರಲ್ಲಿ ಅಲ್ಲಿಯ ಒಂದು ಪಂಪಿಗೆ ನಾನು ಮೇಲಿಂದ ಮೇಲೆ ವಾಷರ್ ಹಾಕಿದೆ. ಹಾಕಿ ಬಂದ ವಾರಕ್ಕೆ ಮತ್ತೆ ಕರೆ. ಕಡೆಗೆ ಅಲ್ಲಿಯ ಮುದುಕರೊಬ್ಬರು ಕಟ್ಟೆಯ ಮೇಲೆ ಕೂತು ನನ್ನನ್ನು ನೋಡಿ, "ಮೇಸ್ತ್ರಿ, ಅಂಗಿ ಹರದೈತಿ, ನೀವು ಗುಂಡಿ ಹಚ್ಚಾಕತ್ತೀರಿ" ಎಂದರು. ಪೈಪುಗಳನ್ನೆಲ್ಲ ಮೇಲೆ ಎಳೆದು ನೋಡಿದರೆ, ಸವಳು ನೀರು ತಿಂದು ಪೈಪಿನ ಮೈಯೆಲ್ಲ ತೂತಾಗಿತ್ತು. ಆ ತಪ್ಪನ್ನು ಕೆಲಸದವರೆಲ್ಲರ ಎದುರಿಗೆ ಹೇಳಿಕೊಂಡು ನಕ್ಕಿದ್ದೇನೆ. ಯಾರಿಗೂ ನೋವಾಗದ ತಪ್ಪನ್ನು ಒಪ್ಪಿಕೊಳ್ಳುವುದು ಸುಲಭ.

ತೊಂಬತ್ತರ ದಶಕದ ಕೊನೆಯ ಹೊತ್ತಿಗೆ, ಒಂದು ಬೇಸಿಗೆಯಲ್ಲಿ, ಆಫ್ರಿಕಾದಿಂದ ಕೆಲವರು ನಮ್ಮ ಕೈಪಂಪುಗಳ ರಿಪೇರಿ ಕಲಿಯಲು ಬಂದರು. ನಮ್ಮ ದೇಶದ ಪಂಪುಗಳೇ ಅಲ್ಲಿಯೂ ಕೂತಿದ್ದವಂತೆ. ಅವರಲ್ಲಿ ಒಬ್ಬನನ್ನು ಇಂಡಿಯ ನಮ್ಮ ತಂಡಕ್ಕೆ ಹಾಕಿದರು. ಹೆಸರು ಇದ್ರಿಸ್. ಸುಡಾನಿನವನು, ನೈಲ್ ನದಿಯ ದಂಡೆಯ ಹಳ್ಳಿಯವನು. ನನಗಿಂತ ಸ್ವಲ್ಪ ಚಿಕ್ಕವನು. ಪುಣೆಯಲ್ಲಿ ಓದುತ್ತಿದ್ದ ತನ್ನ ಸಂಬಂಧಿಕನ ಕೋಣೆಯಲ್ಲಿ ಕೆಲವು ಕಾಲ ಇದ್ದುದರಿಂದ ಅವನಿಗೆ ಹರಕು ಮುರುಕು ಹಿಂದಿ ಬರುತ್ತಿತ್ತು. ನನ್ನ ಹಿಂದಿಯೂ ಅಷ್ಟೇ ಹರಕು. ಹಾಗಾಗಿ ನಮ್ಮಿಬ್ಬರಿಗೆ ಚೆನ್ನಾಗಿ ಹೊಂದಿತು. ಅವನ ಮಾತನ್ನು ಇಲ್ಲಿ ನನ್ನ ಮಾತಿನಲ್ಲೇ ಬರೆಯುತ್ತೇನೆ.

ನನಗೆ ಕೇಳುವ ಚಟ. ಚಹಾದ ಅಂಗಡಿಯಲ್ಲಿ ಕೂತರೆ ಅವನನ್ನು ಬಿಡುತ್ತಿರಲಿಲ್ಲ.

"ಅಷ್ಟ ದೊಡ್ಡ ಹೊಳಿ ಮಗ್ಗಲಕ್ಕ ಐತಿ. ದಂಡಿ ಮ್ಯಾಲಿನ ಹೊಲಕ್ಕ ನೀರ ಹೆಂಗ ಏರಸ್ತೀರಿ?"

"ಈಗ ಡೀಸೆಲ್ ಇಂಜಿನ್. ನಾ ಸಣ್ಣಂವ ಇದ್ದಾಗ ಕೈಲೆ ಎತ್ತತಿದ್ರು."

ಅವನು ಚಹಾದ ಬಶಿಯ ಅಂಚಿನ ಮೇಲೆ ಚಮಚ ಅಡ್ಡ ಇಟ್ಟು ತೋರಿಸಿದ. ಎರಡು ಕಂಬ, ಅವುಗಳ ಮೇಲೆ ಉದ್ದನೆಯ ಮರ. ಒಂದು ತುದಿಗೆ ಹಗ್ಗ, ಹಗ್ಗಕ್ಕೆ ತೊಗಲಿನ ಬಕೆಟ್ಟು. ಇನ್ನೊಂದು ತುದಿಗೆ ಭಾರ. ಹಗ್ಗ ಜಗ್ಗಿ ಬಕೆಟ್ಟನ್ನು ನೀರಿಗೆ ಇಳಿಸಬೇಕು, ಭಾರವೇ ಅದನ್ನು ಮೇಲೆ ತರುತ್ತದೆ. ಅವರ ಕಡೆ ಅದಕ್ಕೆ ಶಾದೂಫ್ ಎನ್ನುತ್ತಾರಂತೆ. ದಂಡೆ ಎತ್ತರವಿದ್ದಲ್ಲಿ ಒಂದರ ಮೇಲೊಂದು ಮೆಟ್ಟಿಲಿನ ಹಾಗೆ ಕೂರಿಸುತ್ತಿದ್ದರಂತೆ. ಕೆಳಗಿನವನು ಎತ್ತಿ ಗುಂಡಿಗೆ ಸುರಿದದ್ದನ್ನು ಮೇಲಿನವನು ಎತ್ತಿ ಹೊಲಕ್ಕೆ ಬಿಡುವುದು. ಇಬ್ಬರೂ ಒಂದೇ ಹಾಡಿಗೆ ಬಗ್ಗಿ ಏಳುವುದು.

ನನಗೆ ಒಂದು ವಿಚಿತ್ರ ಹೊಳೆಯಿತು. ಇದನ್ನೇ ನಮ್ಮಲ್ಲಿ ಏತ ಎನ್ನುತ್ತಾರೆ. ಏತ ನೀರಾವರಿ ಎಂಬ ಮಾತನ್ನು ಆಲಮಟ್ಟಿ ಕಡೆಯ ಕೆನಾಲಿನ ಜನ ದಿನಕ್ಕೆ ಎಷ್ಟೋ ಸಲ ಆಡುತ್ತಾರೆ. ಆದರೆ ನಾನು ಏತವನ್ನು ಕಣ್ಣಿಂದ ಕಂಡಿರಲಿಲ್ಲ. ನಮ್ಮ ಕಡೆ ಬಾವಿಗಳು ಆಳ. ಎತ್ತು ಹೂಡಿ ದೊಡ್ಡ ತೊಗಲಿನ ಚೀಲದಲ್ಲಿ ನೀರು ಎಳೆಯುತ್ತಿದ್ದರು, ಆಮೇಲೆ ಮೋಟಾರು ಬಂತು.

"ಆ ಭಾರ ಯಾತರದು? ಕಲ್ಲಾ?" ಎಂದು ಕೇಳಿದೆ.

"ಮಣ್ಣು. ಹುಲ್ಲು ಕಲಿಸಿದ ಮಣ್ಣಿನ ದೊಡ್ಡ ಮುದ್ದಿ."

"ಕಲ್ಲ ಬಿಟ್ಟು ಮಣ್ಣ್ಯಾಕ?"

ಅವನು ತಲೆ ಕೆರೆದುಕೊಂಡ. "ಗೊತ್ತಿಲ್ಲ. ನಮ್ಮಪ್ಪ ಮಣ್ಣ ಹಚ್ಚತಿದ್ದ. ನಾ ಇಂಜಿನ್ ಕಾಲದಾಂವ, ನನ್ನ ಏನ ಕೇಳ್ತಿ?"

ಈ ಮಾತು ಮತ್ತೊಂದು ದಿನ ಇಂಡಿ ಹತ್ತಿರದ ಒಂದು ಹಳ್ಳಿಯಲ್ಲಿ ಪಂಪು ಬಿಚ್ಚಿ ಕೂತಾಗಲೂ ಮುಂದುವರಿಯಿತು. ಕೊಡ ಹಿಡಿದು ನಿಂತ ಹೆಂಗಸರು ಇದ್ರಿಸನನ್ನೇ ನೋಡುತ್ತಿದ್ದರು. ಒಬ್ಬಾಕೆ ಮೆಲ್ಲಗೆ, "ಎಷ್ಟ ಕರ್ರಗ ಅದಾನ ನೋಡ" ಎಂದಳು. ಪಕ್ಕದವಳು, "ನೀ ಒಂಚೂರು ಅವನ ಮಗ್ಗಲಕ್ಕ ನಿಲ್ಲು. ಯಾರ ಹೆಚ್ಚ ಅಂತ ನಾವು ಹೇಳ್ತೇವಿ" ಎಂದಳು. ಎಲ್ಲರೂ ನಕ್ಕರು. ಯಾಕೆಂದು ತಿಳಿಯದೆ ಇದ್ರಿಸನೂ ನಕ್ಕ.

ಹಾಗೆ ಚೇಷ್ಟೆ ಮಾಡಿದ ಆ ಪಕ್ಕದವಳೇ ನೀಲವ್ವ. ಗಂಡ ಸೊಲ್ಲಾಪುರದ ಗಿರಣಿಯಲ್ಲಿ ಕೆಲಸಕ್ಕಿದ್ದ, ಹಬ್ಬಕ್ಕೆ ಬರುತ್ತಿದ್ದ. ಈಕೆ ಊರಲ್ಲೇ ಗಂಡನ ಅಣ್ಣ ಮಲ್ಕಪ್ಪನ ಮನೆಯಲ್ಲಿ, ಕೂಡು ಕುಟುಂಬದಲ್ಲಿ ಇದ್ದಳು. ನಾನು ಶಾದೂಫಿನ ಬಗ್ಗೆ ಕೇಳುತ್ತಿದ್ದುದು ಅವಳ ಕಿವಿಗೆ ಬಿದ್ದಿತ್ತು.

"ಏನ ಹೇಳಾಕತ್ತಾನ್ರಿ ಅಂವ, ಕೈ ಮ್ಯಾಲ ಕೆಳಗ ಮಾಡಿ?"

ನಾನು ಕನ್ನಡದಲ್ಲಿ ಹೇಳಿದೆ. ಅವಳು ಕೊಡ ಕೆಳಗಿಟ್ಟಳು.

"ಅದನ್ನ ನಮ್ಮ ಬಾವಿಗೆ ಕೂಡಸಾಕ ಬರ್ತೈತೇನ್ರಿ?"

ಹೋಗಿ ನೋಡಿದೆವು. ಹಳ್ಳದ ದಂಡೆಯ ಹಳೆಯ ಬಾವಿ. ಮೇಲುಗಡೆ ಜಿನುಗು ಕೆರೆ ಆದ ಮೇಲೆ ಅದರಲ್ಲಿ ಬೇಸಿಗೆಯಲ್ಲೂ ಎರಡಾಳು ಕೆಳಗೆ ನೀರು ನಿಲ್ಲುತ್ತಿತ್ತು. ಸೆಲೆ ಮಾತ್ರ ಸಣ್ಣದು. ಮೋಟಾರು ಹಚ್ಚಿದರೆ ಒಂದು ಬೀಡಿ ಸೇದುವಷ್ಟರಲ್ಲಿ ತಳ ಕಾಣುತ್ತಿತ್ತು, ಮತ್ತೆ ತುಂಬಲು ಅರ್ಧ ದಿನ. ಬಾವಿಯ ಪಕ್ಕದ ತುಂಡು ನೆಲದಲ್ಲಿ ನೀಲವ್ವ ಬದನೆ, ಮೆಂತ್ಯೆ, ಉಳ್ಳಾಗಡ್ಡಿ ಬೆಳೆದು ಇಂಡಿ ಸಂತೆಗೆ ಒಯ್ಯುತ್ತಿದ್ದಳು. ಕೊಡದಿಂದ ಸೇದಿ ಹೊತ್ತು ಹಾಕಿ ಅವಳ ಬೆನ್ನು ಹೋಗಿತ್ತು. ಮಲ್ಕಪ್ಪ ಆ ತುಂಡನ್ನೂ ತನ್ನ ಲಿಂಬಿ ತೋಟಕ್ಕೆ ಸೇರಿಸಿಕೊಳ್ಳಬೇಕೆಂದಿದ್ದ.

"ಭಾವಾರು ಹೇಳ್ಯಾರ್ರಿ, ಈ ಬ್ಯಾಸಗಿ ನನ್ನ ಕೈಲೆ ನಾನ ನೀರುಣಿಸಿದ್ರ ತುಂಡ ನನಗ. ಒಣಗಿಸಿದ್ರ ಲಿಂಬಿಗೆ. ಲಿಂಬಿಗೆ ಹೋತಂದ್ರ ನಂದು ಸಂತಿ ಮುಗೀತು. ಆಮ್ಯಾಲ ಇವರ ತ್ವಾಟದಾಗ ಕಾಯಿ ಆರ್ಸೂದು, ಇಲ್ಲಾ ಸೊಲ್ಲಾಪುರಕ್ಕ ಹೋಗಿ ಒಂದ ಖೋಲಿದಾಗ ಕೂಡೂದು."

ನನಗೆ ಅವಳ ಸಂಕಟಕ್ಕಿಂತ ಆ ಯಂತ್ರದ ಮೇಲೆಯೇ ಆಸೆ ಹೆಚ್ಚಿತ್ತು ಎಂದು ಈಗ ಅನ್ನಿಸುತ್ತದೆ. ನೀರನ್ನು ಸೆಲೆಯ ವೇಗದಲ್ಲೇ ಎತ್ತುವ ಸಾಧನ ಇಂಥ ಬಾವಿಗೆ ಹೇಳಿ ಮಾಡಿಸಿದ್ದು. ನಮ್ಮ ಸಾಹೇಬರು, ಅಂದರೆ ತಾಲ್ಲೂಕಿನ ಇಂಜಿನಿಯರು, "ಮಾಡ್ರಿ, ನೋಡೋಣ" ಎಂದರು.

ಜಾಲಿಯ ಎರಡು ಕವೆಗಂಬ ನೆಟ್ಟೆವು. ಎರೆಭೂಮಿ ಬೇಸಿಗೆಯಲ್ಲಿ ಬಿರಿಯುತ್ತದೆ, ಕಂಬ ಅಲುಗುತ್ತದೆ ಎಂದು ಬುಡಕ್ಕೆ ಗರಸು ಹಾಕಿ ಗುದ್ದಿದೆ. ಮೇಲಿನ ಮರಕ್ಕೆ ನೀಲಗಿರಿಯ ಉದ್ದ ಗಳ. ಮರ ತಿರುಗುವ ಜಾಗದಲ್ಲಿ, ನನ್ನ ಬುದ್ಧಿವಂತಿಕೆ ತೋರಿಸಲು, ಹಳೆಯ ಕೈಪಂಪಿನ ಬೇರಿಂಗ್ ಕೂರಿಸಿದೆ. ಗಾಳಿಗೂ ತೂಗುವಷ್ಟು ಸಲೀಸಾಯಿತು. ಎಣ್ಣೆ ಡಬ್ಬಿಯ ಬಕೆಟ್ಟು, ಹಗ್ಗದ ಬದಲು ಅದಕ್ಕೆ ಹಿಡಿದು ಜಗ್ಗಲು ಬಿದಿರಿನ ಗಳ. ಬಾಲಕ್ಕೆ, ಅಂದರೆ ಮರದ ಹಿಂದಿನ ತುದಿಗೆ, ಏನು ಕಟ್ಟುವುದು ಎಂದಾಗ ಇದ್ರಿಸ್ ಮತ್ತೆ, "ನಮ್ಮಲ್ಲಿ ಮಣ್ಣು" ಎಂದ. ಮಣ್ಣು ಮಳೆಗೆ ಕರಗುತ್ತದೆ ಎಂದು ನಾನೇ ಒಂದು ಒಡೆದ ಬೀಸುವ ಕಲ್ಲನ್ನು ಎತ್ತಿಸಿ ತಂತಿಯಿಂದ ಬಿಗಿದೆ. ಸಾಲದೆಂದು ಇನ್ನೊಂದು ಹೋಳು ಸೇರಿಸಿದೆ.

ಕೈಪಂಪಿನವನು ಮಾಡುವ ತಪ್ಪು ಇದು. ಪಂಪಿನಲ್ಲಿ ಮೈಭಾರ ಹಾಕಿ ಒತ್ತುವುದಷ್ಟೇ ಕೆಲಸ, ನೀರು ತಾನೇ ಬರಬೇಕು. ಇಲ್ಲಿಯೂ ಹಾಗೆಯೇ ಎಂದುಕೊಂಡೆ. ಜಗ್ಗಿ ಇಳಿಸಿದರಾಯಿತು, ತುಂಬಿದ ಬಕೆಟ್ಟು ಹಕ್ಕಿಯಂತೆ ಮೇಲೆ ಬರಬೇಕು. ಊರಿನವರ ಎದುರಿಗೆ ನಾನೂ ಇದ್ರಿಸನೂ ಕೂಡಿ ಗಳ ಜಗ್ಗಿದೆವು. ಬಕೆಟ್ಟು ಹಕ್ಕಿಯಂತೆಯೇ ಬಂತು. ಜನ ಚಪ್ಪಾಳೆ ತಟ್ಟಿದರು. ನೀಲವ್ವ ಒಮ್ಮೆ ತಾನು ಜಗ್ಗಿ ನೋಡುತ್ತೇನೆ ಎಂದು ಮುಂದೆ ಬಂದಳು. ಬಸ್ಸಿನ ಹೊತ್ತಾಗಿತ್ತು. "ನಾಳಿಂದ ನಿಮ್ಮದ ಐತಲ್ರಿ ಅಕ್ಕಾರ" ಎಂದು ಹೊರಟುಬಿಟ್ಟೆ.

ಹುಡುಗರೇ, ಯಾರು ಬಳಸುತ್ತಾರೋ ಅವರು ಒಬ್ಬರೇ ನಿಂತು ನಡೆಸುವುದನ್ನು ನೋಡದೆ ಯಾವ ಕೆಲಸವನ್ನೂ ಮುಗಿಯಿತು ಎನ್ನಬೇಡಿ.

ಮರುದಿನ ಅವಳು ಒಬ್ಬಳೇ ಗಳ ಹಿಡಿದು ಜೋತುಬಿದ್ದಿದ್ದಾಳೆ. ಮೈಭಾರವೆಲ್ಲ ಹಾಕಿ ಬಕೆಟ್ಟನ್ನು ಹೇಗೋ ನೀರಿನ ತನಕ ಇಳಿಸಿದ್ದಾಳೆ. ಅದು ಅರ್ಧವೂ ತುಂಬುವ ಮೊದಲೇ ಕಲ್ಲು ಎಳೆಯಿತು. ಬೇರಿಂಗಿನ ಸಲೀಸಿಗೆ ತಡೆಯೇ ಇಲ್ಲ. ಗಳ ಬಿಡಲು ಹೊಳೆಯದೆ ಅವಳು ಅದರ ಜೊತೆಗೇ ಮೇಲೆದ್ದು, ಬಾವಿಯ ಕಟ್ಟೆಯ ಮೇಲೆ ಬಿದ್ದಳು. ಒಳಗೆ ಬೀಳಲಿಲ್ಲ ಎಂಬುದೊಂದೇ ಪುಣ್ಯ. ಬಲಗೈ ಭುಜ ಸರಿದು, ಮಣಿಕಟ್ಟು ಬಾತಿತು.

ಸುದ್ದಿ ತಿಳಿದು ಸಾಹೇಬರು ಜೀಪಿನಲ್ಲಿ ನಮ್ಮನ್ನೂ ಕರೆದುಕೊಂಡು ಹೋದರು. ನೀಲವ್ವ ಅಂಗಳದ ಹೊರಸಿನ ಮೇಲೆ ಕೈ ಕಟ್ಟಿಸಿಕೊಂಡು ಕೂತಿದ್ದಳು. ಸಾಹೇಬರು ಆ ಕಲ್ಲನ್ನು ನೋಡಿ ಬಂದು ನನ್ನತ್ತ ತಿರುಗಿದರು.

"ಆನೆ ಕಟ್ಟೋ ಕಲ್ಲಾಗಿದೆಯಲ್ರಿ ಅದು. ಯಾರ್ರಿ ಹೇಳಿದ್ದು ಇಷ್ಟು ಭಾರ ಕಟ್ಟೋಕೆ?"

ಅವರು ಬೆಂಗಳೂರು ಕಡೆಯವರು, ಸಿಟ್ಟು ಬಂದರೂ ಮೆಲ್ಲಗೆ ಮಾತಾಡುತ್ತಿದ್ದರು. ಆ ಮೆಲುದನಿಗೆ ನಾನು ಹೆದರಿದೆ.

"ಇವರ ಪದ್ಧತಿರಿ ಸಾಹೇಬ್ರ. ಇದ್ರಿಸ್ ಹೆಂಗ ಹೇಳಿದ್ರು ಹಂಗ ಮಾಡೇನ್ರಿ."

ಪಕ್ಕದಲ್ಲೇ ನಿಂತಿದ್ದ ಇದ್ರಿಸನಿಗೆ ಕನ್ನಡ ತಿಳಿಯದು. ತನ್ನ ಹೆಸರು ಕೇಳಿಸಿತು. ನಾನು ತನ್ನ ಬಗ್ಗೆ ಏನೋ ಒಳ್ಳೆಯದು ಹೇಳುತ್ತಿದ್ದೇನೆ ಎಂದುಕೊಂಡು ಎದೆಯ ಮೇಲೆ ಕೈ ಇಟ್ಟು ಸಾಹೇಬರಿಗೆ ತಲೆ ಬಾಗಿಸಿದ. ತಪ್ಪು ಒಪ್ಪಿಕೊಂಡ ಹಾಗೆ ಕಂಡಿತು. ಸಾಹೇಬರು ಅವನನ್ನು ಒಂದು ಮಾತೂ ಕೇಳಲಿಲ್ಲ.

ನೀಲವ್ವ ನನ್ನನ್ನೇ ನೋಡುತ್ತಿದ್ದಳು. ಕಲ್ಲು ಕಟ್ಟಿಸಿದವನು ಯಾರು ಎಂಬುದು ಅವಳಿಗೆ ಗೊತ್ತಿತ್ತು. ಬಾಯಿ ಬಿಡಲಿಲ್ಲ. ನಾನು ಮುನಿಸಿಕೊಂಡರೆ ಏತ ಸರಿಮಾಡುವವರು ಯಾರು ಎಂದು ಅವಳು ಸುಮ್ಮನಾದಳು ಎಂದು ನನ್ನ ಲೆಕ್ಕ.

ಆವತ್ತಿನಿಂದ ಇದ್ರಿಸನನ್ನು ಹಳ್ಳಿಗಳಿಗೆ ಕಳಿಸುವುದು ನಿಂತಿತು. ಆಳದ ಬೋರಿನಿಂದ ಪೈಪು ಎತ್ತುವುದನ್ನು ಕಲಿಯಲು ಅಷ್ಟು ದೂರದಿಂದ ಬಂದವನು ಸ್ಟೋರಿನಲ್ಲಿ ಕೂತು ಹಳೆಯ ವಾಷರ್, ಹೊಸ ವಾಷರ್ ಬೇರೆ ಮಾಡತೊಡಗಿದ. "ನಿಮ್ಮ ಸಾಹೇಬ ನನ್ನ ಕೂಡ ಯಾಕ ಮಾತಾಡವಲ್ಲ?" ಎಂದು ಒಮ್ಮೆ ಕೇಳಿದ. "ಕೆಲಸದ ಗಡಿಬಿಡಿ" ಎಂದೆ.

ಏತವನ್ನು ಕಿತ್ತು ತರಲು ನನಗೆ ಹುಕುಂ ಆಯಿತು. ಸೂಟಿಯ ದಿನ ಬಸ್ಸಿನಲ್ಲಿ ಹೊರಟಾಗ ಇದ್ರಿಸ್ ತಾನೂ ಬರುತ್ತೇನೆಂದು ಹತ್ತಿದ. ಬಾವಿಯ ಹತ್ತಿರ ಹೋದರೆ ಮಲ್ಕಪ್ಪನ ಆಳುಗಳು ತುಂಡಿನ ಅಂಚಿಗೆ ಲಿಂಬಿ ಸಸಿಗೆ ಗುಂಡಿ ತೆಗೆಯುತ್ತಿದ್ದರು. ಬದನೆ ಬಾಡಿ ಎಲೆ ಇಳಿಬಿಟ್ಟಿತ್ತು. ನೀಲವ್ವ ಕಂಬಕ್ಕೆ ಬೆನ್ನು ಕೊಟ್ಟು ನಿಂತಿದ್ದಳು.

"ಕೀಳಾಕ ಬಂದೀರೇನ್ರಿ?"

"ಸಾಹೇಬ್ರ ಹುಕುಂ ಐತ್ರಿ ಅಕ್ಕಾರ."

"ಬೀಳಿಸೂ ಮುಂದ ಯಾರ ಹುಕುಂ ಇತ್ರಿ? ಕಲ್ಲ ಬಿಚ್ಚರಿ. ಕಂಬ ಮುಟ್ಟಬ್ಯಾಡ್ರಿ."

ಕಲ್ಲು ಬಿಚ್ಚಿದೆ. ಆಮೇಲೆ ಏನು ಎಂದು ನನಗೂ ಗೊತ್ತಿರಲಿಲ್ಲ. ಇದ್ರಿಸನಿಗೂ ಗೊತ್ತಿರಲಿಲ್ಲ. ಮೂವರೂ ಆ ಮರವನ್ನು ನೋಡುತ್ತ ನಿಂತೆವು. ಕಡೆಗೆ ಬಾಲಕ್ಕೆ ಒಂದು ಗೋಣಿಚೀಲ ಕಟ್ಟಿ, ಹಳ್ಳದ ಉಸುಕನ್ನು ಬೊಗಸೆ ಬೊಗಸೆ ಹಾಕುತ್ತ ನೋಡೋಣ ಎಂದುಕೊಂಡೆವು. ಬಕೆಟ್ಟು ತುಂಬಿದಾಗ ಏರಿಸಲು ಕಷ್ಟವಾದರೆ ಉಸುಕು ಹಾಕುವುದು, ಖಾಲಿ ಬಕೆಟ್ಟು ಇಳಿಸಲು ಕಷ್ಟವಾದರೆ ತೆಗೆಯುವುದು. ಜಗ್ಗುವವಳು ನೀಲವ್ವನೇ, ಅದೂ ಎಡಗೈ ಒಂದರಿಂದ.

"ಇನ್ನೊಂದ ಬೊಗಸಿ ತಗೀರಿ... ಭಾಳ ಆತು, ಸ್ವಲ್ಪ ಹಾಕ್ರಿ... ಏ ತಮ್ಮಾ, ನಿನ್ನ ಬೊಗಸಿ ಮರದಷ್ಟ ಐತಿ, ಸಣ್ಣ ಕೈ ಹಾಕು."

ಮರದಷ್ಟು ಅಂದರೆ ಧಾನ್ಯ ಕೇರುವ ಮೊರದಷ್ಟು. ನಾನು ಅದನ್ನು ಹಿಂದಿಯಲ್ಲಿ ಹೇಳಿದ ಕೂಡಲೇ ಇದ್ರಿಸ್ ಉಸುಕು ಹಿಡಿದವನು ಹಾಗೆಯೇ ನಿಂತುಬಿಟ್ಟ. ಆಮೇಲೆ ನಗತೊಡಗಿದ.

"ನಮ್ಮಪ್ಪ ಬಂದರಿನ ಕೆಲಸಕ್ಕ ಹೋಗ್ತಿದ್ದ. ಅಂವ ಇಲ್ಲದಾಗ ನಮ್ಮವ್ವ ಶಾದೂಫ್ ಹೊಡೀತಿದ್ಲು. ಮದಲ ಕೋಲ ತಗೊಂಡು ಬಾಲದ ಮಣ್ಣ ಬಡದು ಕೆಡವತಿದ್ಲು. ಅಪ್ಪ ಬಂದ ಮ್ಯಾಲ ಬೈಕೋತ ಮತ್ತ ಹಸಿ ಮಣ್ಣ ಮೆತ್ತತಿದ್ದ. ಇಬ್ಬರೂ ಜಗಳಾಡತಾರ ಅಂತ ನಾ ತಿಳದಿದ್ದೆ."

ಅದಕ್ಕೇ ಮಣ್ಣು. ಯಾರ ಕೈಗೆ ಎಷ್ಟು ಬೇಕೋ ಅಷ್ಟು ಮೆತ್ತಬಹುದು, ಅಷ್ಟು ಉದುರಿಸಬಹುದು. ಕಲ್ಲು ಒಬ್ಬರ ಕೈಗೆ ಮಾತ್ರ ಸರಿ. ನಾನು ಎಷ್ಟೋ ವರ್ಷ ಪಂಪು ಕೂರಿಸಿದವನು, ಹಿಡಿಕೆಯೊಂದು ಎಲ್ಲರ ಕೈಗೂ ಒಂದೇ ಎಂದು ತಿಳಿದಿದ್ದೆ. ನಮ್ಮಲ್ಲಿ ಯಾರಿಗೂ ಗೊತ್ತಿರದಿದ್ದ ಒಂದು ಸಂಗತಿ ಆ ಮಧ್ಯಾಹ್ನ ಆ ಬಾವಿಯ ಕಟ್ಟೆಯ ಮೇಲೆ ಗೊತ್ತಾಯಿತು. ಬೇರಿಂಗನ್ನೂ ತೆಗೆದು ಬರಿಯ ಕಟ್ಟಿಗೆಯ ಮೇಲೆ ಮರ ತಿರುಗುವಂತೆ ಮಾಡಿದೆ. ಕಟ್ಟಿಗೆಗೆ ಕಟ್ಟಿಗೆ ಉಜ್ಜಿ ವೇಗ ತಗ್ಗಿತು.

ಸಂಜೆಯ ಹೊತ್ತಿಗೆ ಮಲ್ಕಪ್ಪ ಬಂದ. ಸೊಂಟದ ಮೇಲೆ ಕೈ ಇಟ್ಟು ನಿಂತ.

"ಮತ್ತ ಬಿದ್ದಿ ಅಂದ್ರ ನಾ ಎತ್ತಾಕ ಬರಾಂಗಿಲ್ಲ ನೋಡು."

"ಮೊನ್ನೀನೂ ನೀವು ಬಂದಿಲ್ರಿ ಭಾವಾರ. ನಾನ ಎದ್ದೇನಿ."

ಎಡಗೈಯಿಂದ ಗಳ ಜಗ್ಗಿದಳು. ಬಕೆಟ್ಟು ಇಳಿಯಿತು, ತುಂಬಿತು, ಅವಸರವಿಲ್ಲದೆ ಏರಿತು. ಮೊಣಕೈಯಿಂದ ತಳ್ಳಿ ಕಾಲುವೆಗೆ ಸುರಿದಳು. ಮತ್ತೆ ಇಳಿಸಿದಳು. ಮಲ್ಕಪ್ಪ ಮೊದಲು ನಿಂತು ನೋಡಿದ, ಆಮೇಲೆ ಕೂತು ನೋಡಿದ. ನೀರು ಬದನೆಯ ಸಾಲು ಮುಟ್ಟಿದಾಗ ಎದ್ದು ಆಳುಗಳಿಗೆ, "ಆ ಗುಂಡಿ ಮುಚ್ಚರಿ. ಬ್ಯಾಸಗಿ ಹೋಗೂತನಕ ಇರ್ಲಿ" ಎಂದ.

ಅವನು ಹೋದ ಮೇಲೆ ನೀಲವ್ವ ನನ್ನ ಎದುರು ಬಂದು ನಿಂತಳು.

"ಈಗ ನಾ ಹೇಳಿದ್ದ ಅವಗ ಹೇಳ್ರಿ. ನಾ ಬಿದ್ದದ್ದು ನಿನ್ನಿಂದ ಅಲ್ಲ ತಮ್ಮಾ. ಕಲ್ಲ ಕಟ್ಟಿದ್ದು ಮೇಸ್ತ್ರಿ, ಸಾಹೇಬ್ರ ಮುಂದ ನಿನ್ನ ಹೆಸರ ಹೇಳ್ಯಾರ. ನಾ ಕೇಳಿ ಸುಮ್ಮನ ಕುಂತೆ, ನಂದೂ ತಪ್ಪ ಐತಿ. ಮನಸಿನಾಗ ಇಟಗೋಬ್ಯಾಡ. ಹೇಳ್ರಿ."

ಇದ್ರಿಸ್ ನಗುಮುಖದಿಂದ ಕಾದಿದ್ದ. ನಾನು ಹಿಂದಿಯಲ್ಲಿ ಹೇಳಿದೆ: "ಭಾಳ ಉಪಕಾರ ಆತು ಅಂತಾರ."

ಅವನು ಅವಳಿಗೆ ಕೈಮುಗಿದ. ಅವಳ ಕಣ್ಣು ತುಂಬಿದವು. ಅವನು ಕ್ಷಮಿಸಿದ ಎಂದೇ ಅವಳು ತಿಳಿದಳು. ಬಸ್ಸಿಗೆ ನಡೆಯುವಾಗ ಇದ್ರಿಸ್ ಕೇಳಿದ, "ಅಕಿ ಅಷ್ಟ ಹೊತ್ತ ಮಾತಾಡಿದ್ಲು. ನೀ ಹೇಳಿದ್ದು ಇಷ್ಟ ಯಾಕ?"

"ನಮ್ಮ ಭಾಷಾನ ಹಂಗ, ಉದ್ದ" ಎಂದೆ. ಮುಂದಿನ ವಾರ ಅವನು ಊರಿಗೆ ಹೊರಟುಹೋದ.

ಆ ಬೇಸಿಗೆ ತುಂಡು ಒಣಗಲಿಲ್ಲ. ಮಲ್ಕಪ್ಪ ಮಾತಿಗೆ ನಿಂತ. ಕೀಳದೆ ಬಿಟ್ಟಿದ್ದ ಏತ ಚೆನ್ನಾಗಿ ನಡೆಯುವುದನ್ನು ಸಾಹೇಬರು ಒಮ್ಮೆ ನೋಡಿ, ಬೈಯದೆ, ಯಾರು ಸರಿಮಾಡಿದ್ದು ಎಂದು ಕೇಳಿದಾಗ ನಾನು ನನ್ನ ಹೆಸರು ಹೇಳಿದೆ. ಮುಂದೆ ಸಿಂದಗಿ, ಮುದ್ದೇಬಿಹಾಳದ ಕಡೆ ಅಂಥ ಬಾವಿ ಕಂಡಲ್ಲಿ ಉಸುಕಿನ ಚೀಲದ ಏತ ಕೂರಿಸಿ ಶಹಬ್ಬಾಸ್‌ಗಿರಿ ತೆಗೆದುಕೊಂಡೆ. ನಡುವೆ ಒಮ್ಮೆ ನೀಲವ್ವ ಸಿಕ್ಕಳು.

"ಮೇಸ್ತ್ರಿ, ಆವತ್ತ ನಾ ಅಂದದ್ದ ಕೇಳಿ ಆ ತಮ್ಮ ಏನಂದ? ಕೇಳಬೇಕಂತ ಇದ್ದೆ."

ನಿಮ್ಮ ಮಾತನ್ನು ಅವನಿಗೆ ಮುಟ್ಟಿಸಲೇ ಇಲ್ಲ ಎಂದು ಹೇಳಬಹುದಿತ್ತು. "ನಿಮ್ಮ ಕೈ ನಮ್ಮವ್ವನ ಕೈ ಇದ್ದಂಗ ಐತಿ, ಈ ನೆಲ ಬಿಡಬ್ಯಾಡ್ರಿ ಅಂದಾನ್ರಿ" ಎಂದೆ. ಅವಳು ತನ್ನ ಅಂಗೈ ತಿರುಗಿಸಿ ನೋಡಿಕೊಂಡು, "ಹಂಗ ಅಂದ್ನಾ" ಎಂದಳು.

ಕೆಲವು ವರ್ಷಗಳ ನಂತರ ಆ ಮನೆಯಲ್ಲಿ ಅಣ್ಣತಮ್ಮಂದಿರ ಪಾಲಾಯಿತು. ಗಿರಣಿ ಮುಚ್ಚಿ ಅವಳ ಗಂಡನೂ ಬಂದಿದ್ದ. ಅವನು ರಸ್ತೆ ಕಡೆಯ ಹೊಲ ಕೇಳೋಣ ಎಂದರೆ ಈಕೆ ಬಾವಿಯ ತುಂಡೇ ಬೇಕೆಂದು ಹಿರಿಯರ ಮುಂದೆ ಪಟ್ಟು ಹಿಡಿದಳು. ಪಂಪು ರಿಪೇರಿಗೆ ಬಂದಿದ್ದ ನಾನು ಗುಡಿಯ ಕಟ್ಟೆಯ ಹತ್ತಿರವೇ ಇದ್ದೆ.

"ಸಮುದ್ರದ ಆಚಿಂದ ಬಂದಂವ ನನ್ನ ಕೈ ನೋಡಿ, ಈ ನೆಲ ಬಿಡಬ್ಯಾಡ ಅಂದಾನ್ರಿ. ಸುಳ್ಳಂದ್ರ ಮೇಸ್ತ್ರಿನ್ನ ಕೇಳ್ರಿ."

ಹಿರಿಯರು ನನ್ನತ್ತ ತಿರುಗಿದರು. "ಹೌದೇನ್ರಿ ಮೇಸ್ತ್ರಿ?"

"ಹೌದ್ರಿ" ಎಂದೆ. ತುಂಡು ಅವಳ ಪಾಲಿಗೆ ಬಂತು.

ಇದ್ರಿಸನ ಊರಿನ ಹೆಸರನ್ನು ನಾನು ಕೇಳಿ ಇಟ್ಟುಕೊಳ್ಳಲಿಲ್ಲ. ನೀಲವ್ವಕ್ಕ ಮಾತ್ರ ಇಲ್ಲಿಯೇ ಇದ್ದಾರೆ, ಅದೇ ತುಂಡಿನಲ್ಲಿ ಇನ್ನೂ ಮೆಂತ್ಯೆ ಹಾಕುತ್ತಾರೆ. ಅವರಿಗೆ ಓದಲು ಬಾರದು, ಯಾರಾದರೂ ಇದನ್ನು ಅವರಿಗೆ ಓದಿ ಹೇಳಿರಿ. ಅಕ್ಕಾರ, ನೀವು ಹೇಳಿದ್ದನ್ನು ನಾನು ಅವನಿಗೆ ಮುಟ್ಟಿಸಲಿಲ್ಲ. ನೀವು ಇಷ್ಟು ದಿನ ಎಲ್ಲರಿಗೂ ಹೇಳಿಕೊಂಡು ಬಂದ ಮಾತು ಅವನದಲ್ಲ, ನಾನು ಕಟ್ಟಿದ್ದು. ನೆಲ ನಿಮ್ಮ ಕೈ ದುಡಿದು ಉಳಿಸಿಕೊಂಡದ್ದು, ಅದರಲ್ಲಿ ಸುಳ್ಳಿಲ್ಲ. ನಿಮ್ಮ ಮಾತು ಕೇಳಿದ್ದರೆ ಅವನು ಏನನ್ನುತ್ತಿದ್ದನೋ, ಅದು ನಿಮಗೆ ತಿಳಿಯದ ಹಾಗೆ ಮಾಡಿದವನು ನಾನು.